ಪರರ ನೋವಿಗೆ ಪ್ರಮಾಣ ಯಾವುದು?

ನ್ಯಾಯ-ವೈಶೇಷಿಕ ದರ್ಶನಗಳ ಪ್ರಕಾರ ದುಃಖವು ಆತ್ಮದ ಗುಣ. ನೊಂದವನು ಅದನ್ನು ಮನಸ್ಸೆಂಬ ಒಳ ಇಂದ್ರಿಯದಿಂದ ನೇರವಾಗಿ ಅರಿಯುತ್ತಾನೆ, ಮಿಕ್ಕವರಿಗೆ ಅದರ ಪ್ರತ್ಯಕ್ಷವಿಲ್ಲ. ಅವರು ನರಳಿಕೆ, ಬಾಡಿದ ಮುಖಗಳಂಥ ಗುರುತುಗಳಿಂದ ಅದನ್ನು ಊಹಿಸಬೇಕು, ಇದು ಅನುಮಾನ. ಇಲ್ಲವೇ ನೊಂದವನ ಮಾತನ್ನು ನಂಬಬೇಕು, ಇದು ಶಬ್ದಪ್ರಮಾಣ, ಎಂದರೆ ಮಾತಿನಿಂದ ಅರಿಯುವ ಸಾಧನ. ಕ್ಯಾನ್ಸರ್ ಆಸ್ಪತ್ರೆಯ ನಿತ್ಯದ ಕೆಲಸ ಬಹುಪಾಲು ಅನುಮಾನವನ್ನು ನೆಚ್ಚಿಕೊಂಡಿದೆ: ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿದ್ದು ರಕ್ತಕಣಗಳ ಎಣಿಕೆ ಸರಿಯಿದ್ದರೆ ರೋಗಿ ಸುಧಾರಿಸಿದಂತೆ. ನಿದ್ದೆಯಿಲ್ಲದ ರಾತ್ರಿ, ಸಾಲದ ಚಿಂತೆ, ತನಗೇ ಏಕೆ ಈ ರೋಗ ಬಂತೆಂಬ ಕೊರಗು ಆ ವರದಿಗಳಲ್ಲಿ ಕಾಣಿಸವು.

ಈ ಕೊರತೆಯನ್ನು ತುಂಬಲು ಬಂದದ್ದು ಸಂಕಟದ ತಪಾಸಣೆ, ಎಂದರೆ ಚಿಕಿತ್ಸೆಯ ಜೊತೆಗೆ ಬೇಕಾದ ಆರೈಕೆ ಏನೆಂಬುದನ್ನು ರೋಗಿಯನ್ನೇ ಕೇಳಿ ಗುರುತಿಸುವ ಕ್ರಮ. ಅಮೆರಿಕದಲ್ಲಿ ರೂಪುಗೊಂಡ ‘ಡಿಸ್ಟ್ರೆಸ್ ಥರ್ಮಾಮೀಟರ್’ ಎಂಬ ಹಾಳೆಯಲ್ಲಿ ಥರ್ಮಾಮೀಟರಿನ ಚಿತ್ರವಿದ್ದು, ಕಳೆದ ಒಂದು ವಾರದ ಸಂಕಟವನ್ನು ರೋಗಿ 0ಯಿಂದ 10ರ ವರೆಗಿನ ಅಂಕಿಗಳಲ್ಲಿ ಗುರುತಿಸುತ್ತಾನೆ. 4 ಅಥವಾ ಅದಕ್ಕಿಂತ ಹೆಚ್ಚಾದರೆ ಮುಂದಿನ ವಿಚಾರಣೆ ನಡೆಯಬೇಕು. ಜೊತೆಗಿರುವ ಪಟ್ಟಿಯಲ್ಲಿ ದೇಹ, ಮನಸ್ಸು, ಮನೆವಾರ್ತೆಗಳ ತೊಂದರೆಗಳಲ್ಲದೆ ಧಾರ್ಮಿಕ ತೊಳಲಾಟಕ್ಕೂ ಜಾಗವಿದೆ. ದುಃಖವನ್ನು ಅಂಕಿಗಿಳಿಸುವುದು ಅದಕ್ಕೆ ಮಾಡುವ ಅಪಚಾರವೆಂಬ ಆಕ್ಷೇಪ ಸಹಜವಾದರೂ ನಿಲ್ಲಲಾರದು, ಏಕೆಂದರೆ ಯಾವ ಯಂತ್ರವೂ ಕೊಡದ ಆ ಅಂಕಿ ರೋಗಿಯ ಹೇಳಿಕೆಯೇ ಆಗಿದೆ.

ಹೇಳಿಕೆಯಾದುದರಿಂದಲೇ ಅದಕ್ಕೊಂದು ಷರತ್ತುಂಟು. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನ, ಎಂದರೆ ಯಾರ ಮಾತನ್ನು ನಂಬಬಹುದೋ ಅಂಥವನ, ಲಕ್ಷಣ ಹೇಳುವಾಗ ವಿಷಯವನ್ನು ಸಾಕ್ಷಾತ್ತಾಗಿ ಕಂಡಿರುವುದರ ಜೊತೆಗೆ ಕಂಡಂತೆ ತಿಳಿಸುವ ಇಚ್ಛೆಯೂ ಇರಬೇಕೆನ್ನುತ್ತಾನೆ. ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಇದೇ ಲಕ್ಷಣವೆಂದು ಅವನು ಸೇರಿಸಿರುವುದರಿಂದ, ಓದುಬರಹ ಬಾರದ ಕೂಲಿಯಾಳಿನ ಮಾತಿಗೂ ಅಷ್ಟೇ ತೂಕ ಸಲ್ಲುತ್ತದೆ. ಮೊದಲನೆಯ ಅರ್ಹತೆ ರೋಗಿಗೆ ತಾನಾಗಿ ಬಂದಿದೆ, ಎರಡನೆಯದಕ್ಕೆ ಆಸ್ಪತ್ರೆ ಅನುವು ಮಾಡಿಕೊಡಬೇಕು. ಕರ್ನಾಟಕದಲ್ಲಿ ರೋಗದ ಹೆಸರನ್ನೇ ರೋಗಿಯಿಂದ ಮುಚ್ಚಿಡುವ ಮನೆಯವರು ಅಪರೂಪವಲ್ಲ, ಮಂಚದ ಪಕ್ಕ ಮಗ ನಿಂತಿರುವಾಗ “ಹೇಗಿದ್ದೀರಮ್ಮಾ?” ಎಂದು ಕೇಳಿದರೆ “ಪರವಾಗಿಲ್ಲ” ಎಂಬ ಉತ್ತರ ಬರುವುದು ಮಗನ ಮೇಲಿನ ಅಕ್ಕರೆಯಿಂದ, ಅದನ್ನು ಸುಳ್ಳೆಂದು ದೂರುವುದು ಕ್ರೌರ್ಯ. ತನ್ನ ಸಂಕಟವನ್ನು ಹೇಳಿಕೊಂಡ ಮೇಲೂ ಆಪ್ತಸಮಾಲೋಚಕರಾಗಲಿ ನೋವಿನ ಮಾತ್ರೆಯಾಗಲಿ ದೊರೆಯದಿದ್ದರೆ ಆಕೆ ಮುಂದಿನ ಸಲ 0ಯ ಮೇಲೆಯೇ ಬೆರಳಿಟ್ಟಾಳು, ಕಡತದಲ್ಲಿ ಅದು ಚೇತರಿಕೆಯೆಂದೇ ದಾಖಲಾದೀತು. ಆದಕಾರಣ ರೋಗಿಯನ್ನು ಸ್ವಲ್ಪ ಹೊತ್ತು ಒಬ್ಬರನ್ನೇ ಕೂರಿಸಿಕೊಂಡು ಅವರ ಆಡುಮಾತಿನಲ್ಲೇ ಪ್ರಶ್ನೆ ಕೇಳುವ, ರೋಗ ಮರುಕಳಿಸಿದಾಗ ಮತ್ತೆ ಕೇಳುವ ದಾದಿಯರು ಬೇಕು. 4ರ ಗೆರೆ ಮುಟ್ಟಿದವರನ್ನು ಅದೇ ದಿನ ಯಾರು ನೋಡಬೇಕೆಂಬುದು ವಾರ್ಡಿನಲ್ಲಿ ಮೊದಲೇ ಗೊತ್ತಾಗಿರಬೇಕು.