ಬಿಲ್ಲಿನ ಭಾರವೂ ಅಧಿಕಾರದ ವಿಚಾರವೂ

ಸಾಧಕನಾದವನು ಎಷ್ಟು ಭಾರದ ವ್ರತವನ್ನು ಕೈಕೊಳ್ಳಬೇಕೆಂಬುದು ಧರ್ಮಜಿಜ್ಞಾಸೆಯಲ್ಲಿ ಬಹು ಹಳೆಯದಾದ ಪ್ರಶ್ನೆ. ಯಾವುದನ್ನು ಗುರಿಯಾಗಿಟ್ಟುಕೊಳ್ಳಬೇಕೆಂಬುದನ್ನು ಶಾಸ್ತ್ರಗಳು ವಿಸ್ತಾರವಾಗಿ ಹೇಳಿವೆ. ಆದರೆ ಈ ದೇಹದಿಂದ, ಈ ಮನಸ್ಸಿನಿಂದ, ಇಂದು ಎಷ್ಟನ್ನು ಹೊರಲು ತನಗೆ ಅಳವಿದೆಯೆಂಬುದನ್ನು ಪ್ರತಿಯೊಬ್ಬನೂ ತಾನೇ ತೂಗಿ ನೋಡಿಕೊಳ್ಳಬೇಕಾಗುತ್ತದೆ. ಈ ಯೋಗ್ಯತೆಯನ್ನೇ ನಮ್ಮ ಹಿರಿಯರು ಅಧಿಕಾರವೆಂದರು. ಮುಂಡಕೋಪನಿಷತ್ತಿನ ಋಷಿಯು ಪ್ರಣವವನ್ನು ಧನುಸ್ಸಾಗಿಯೂ ಆತ್ಮನನ್ನು ಬಾಣವಾಗಿಯೂ ಬ್ರಹ್ಮವನ್ನು ಲಕ್ಷ್ಯವಾಗಿಯೂ ಕಂಡ ಮೇಲೆ ಧನುರ್ವಿದ್ಯೆಯು ನಮ್ಮಲ್ಲಿ ಕೇವಲ ಯುದ್ಧದ ವಿದ್ಯೆಯಾಗಿ ಉಳಿಯಲಿಲ್ಲ. ಆದಕಾರಣ ಈ ಕಾಲದ ಬಿಲ್ಲುಗಾರನು ತನಗೆ ತಕ್ಕ ಬಿಲ್ಲನ್ನೂ ಬಾಣವನ್ನೂ ಆರಿಸಿಕೊಳ್ಳುವ ಕ್ರಮವನ್ನು ಎದುರಿಗಿಟ್ಟುಕೊಂಡು ಅಧಿಕಾರದ ವಿಚಾರವನ್ನು ನಡೆಸುವುದು ಅನುಚಿತವಾಗಲಾರದು.

ಹಳೆಯ ಬಿಲ್ಲಿನಲ್ಲಿ ಹೆದೆಯನ್ನು ಸೆಳೆದಷ್ಟೂ ಭಾರವು ಏರುತ್ತ ಹೋಗಿ, ಹೆದೆಯು ಗಲ್ಲವನ್ನು ಮುಟ್ಟುವ ಕ್ಷಣದಲ್ಲೇ ಅತ್ಯಧಿಕವಾಗಿರುತ್ತದೆ. ಅಮೆರಿಕದ ಮಿಸ್ಸೌರಿ ಪ್ರಾಂತದ ಹಾಲೆಸ್ ವಿಲ್ಬರ್ ಆಲೆನ್ ಎಂಬಾತನು ರೂಪಿಸಿ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಾದರೋ ಕೇಂದ್ರ ತಪ್ಪಿಸಿ ಕೂಡಿಸಿದ ಗಾಲಿಗಳಿದ್ದು, ಅವು ತಿರುಗಿದಂತೆ ಭಾರವು ಸೆಳೆತದ ನಡುವೆ ಶಿಖರಕ್ಕೇರಿ, ಕೊನೆಯಲ್ಲಿ ಒಮ್ಮೆಲೇ ಇಳಿದುಬಿಡುತ್ತದೆ. ಐವತ್ತು ಪೌಂಡಿನ ಬಿಲ್ಲಿನಲ್ಲಿ ಇಳಿತವು ನೂರಕ್ಕೆ ಎಂಬತ್ತರಷ್ಟಿದ್ದರೆ, ಗುರಿಯನ್ನು ನೋಡುತ್ತ ನಿಂತ ಬಿಲ್ಲುಗಾರನು ಹಿಡಿದಿರಬೇಕಾದದ್ದು ಹತ್ತೇ ಪೌಂಡು. ಈ ಸೌಲಭ್ಯವೇ ಹಲವರನ್ನು ಭ್ರಾಂತಿಗೆ ಎಳೆಯುತ್ತದೆ. ಕೊನೆಯ ಲಘುತ್ವವನ್ನು ಕಂಡವನು ನಡುವಿನ ಗುರುತ್ವವನ್ನು ಮರೆತು, ತನ್ನ ಸ್ನಾಯುಗಳಿಗೆ ಮೀರಿದ ಬಿಲ್ಲನ್ನು ಬಯಸುತ್ತಾನೆ. ಬಿಲ್ಲಿನ ಭಾರವನ್ನು ಶಿಖರದಲ್ಲಿ ಅಳೆಯಬೇಕು. ವ್ರತದ ಭಾರವನ್ನೂ ಹಾಗೆಯೇ. ಆರಂಭದ ಉತ್ಸಾಹದಲ್ಲಾಗಲಿ ಅಂತ್ಯದ ಶಾಂತಿಯಲ್ಲಾಗಲಿ ಅದರ ನಿಜವಾದ ತೂಕವು ತಿಳಿಯದು. ಉತ್ಸಾಹವು ಕುಂದಿ ಫಲವು ಇನ್ನೂ ಕಾಣದಿರುವ ಮಧ್ಯಮಾವಸ್ಥೆಯಲ್ಲಿ ಯಾವುದನ್ನು ಹೊರಲಾಗುವುದೋ ಅದೇ ನಮಗೆ ಸಲ್ಲುವ ವ್ರತ.

ಬಲ್ಲ ಶಿಕ್ಷಕರು ಈ ವಿಷಯದಲ್ಲಿ ಮಾಡುವ ಪರೀಕ್ಷೆಯು ಅತ್ಯಂತ ಸರಳವಾದದ್ದು. ಬಿಲ್ಲುಗಾರನು ಪೀಠದ ಮೇಲೆ ಕುಳಿತು, ಬಿಲ್ಲನ್ನು ಗುರಿಯ ನೇರಕ್ಕೆ ಚಾಚಿ, ಅದನ್ನು ಆಕಾಶದತ್ತ ಎತ್ತದೆ, ಬೆನ್ನನ್ನು ಬಾಗಿಸದೆ, ಹೆದೆಯನ್ನು ಒಂದೇ ಸಮನಾಗಿ ಸೆಳೆಯಬೇಕು. ನಡುಗದೆ ಕೆಲಹೊತ್ತು ಹಿಡಿದಿರಬೇಕು. ಬಾಣವನ್ನು ಬಿಡದೆ ಮತ್ತೆ ಮೆಲ್ಲನೆ ಹೆದೆಯನ್ನು ಇಳಿಸಲೂ ಶಕ್ತನಾಗಿರಬೇಕು. ಯಾವ ಭಾರದಲ್ಲಿ ಇವೆಲ್ಲವೂ ಪ್ರಯಾಸವಿಲ್ಲದೆ ನಡೆಯುವುವೋ ಆ ಭಾರವೇ ಅವನದು. ಅಳವು ಮೀರಿದ ಬಿಲ್ಲನ್ನು ಹಿಡಿದವನು ಅದನ್ನು ಮೇಲಕ್ಕೆತ್ತಿ, ಇಡಿಯ ಮೈಯನ್ನು ಹಿಂಡಿ ಎಳೆಯುವುದನ್ನು ನೋಡಿದ ಅಜ್ಞರು ಪರಾಕ್ರಮವೆಂದು ಭಾವಿಸಬಹುದು. ಆದರೆ ಅವನ ಭುಜವು ಕ್ರಮೇಣ ಗಾಯಗೊಳ್ಳುತ್ತದೆ, ದೃಷ್ಟಿಯು ಲಕ್ಷ್ಯವನ್ನು ಬಿಟ್ಟು ತನ್ನ ನೋವಿನ ಮೇಲೆ ನಿಲ್ಲುತ್ತದೆ. ಶಕ್ತಿಗೆ ಮೀರಿದ ಉಪವಾಸ, ಮೌನ, ಜಾಗರಣೆಗಳನ್ನು ಹಿಡಿದವರ ಗತಿಯೂ ಹೀಗೆಯೇ: ಕಷ್ಟವು ಹೆಚ್ಚಿದಂತೆಲ್ಲ ಈಶ್ವರನು ಮರೆತುಹೋಗಿ ವ್ರತಿಯೇ ವ್ರತಕ್ಕೆ ವಿಷಯನಾಗುತ್ತಾನೆ. ಅತಿಯಾಗಿ ಉಣ್ಣುವವನಿಗೂ ಉಣ್ಣದೆಯೇ ಇರುವವನಿಗೂ ಯೋಗವು ಸಿದ್ಧಿಸದೆಂದು ಗೀತಾಚಾರ್ಯನು ತಿಳಿಸಿದ್ದು ಸುಖಲೋಲುಪರ ಸಮಾಧಾನಕ್ಕಾಗಿಯಲ್ಲ. ಸ್ಥೈರ್ಯವಿಲ್ಲದೆ ಏಕಾಗ್ರತೆಯಿಲ್ಲ, ಏಕಾಗ್ರತೆಯಿಲ್ಲದೆ ಲಕ್ಷ್ಯವೇಧವಿಲ್ಲವೆಂಬುದಕ್ಕಾಗಿ.

ಬಾಣದ ಆಯ್ಕೆಯಲ್ಲಿ ಇನ್ನೂ ಸೂಕ್ಷ್ಮವಾದ ತತ್ತ್ವವಿದೆ. ಬಾಣದ ದಂಡವನ್ನು 28 ಅಂಗುಲದ ಅಂತರವುಳ್ಳ ಎರಡು ಆಧಾರಗಳ ಮೇಲಿರಿಸಿ, ನಡುವೆ ಸುಮಾರು 880 ಗ್ರಾಂ ತೂಕವನ್ನು ತೂಗಿಬಿಟ್ಟು, ಅದು ಎಷ್ಟು ಬಾಗುವುದೆಂದು ನೋಡುತ್ತಾರೆ. ಅರ್ಧ ಅಂಗುಲ ಬಾಗಿದರೆ ಅದರ ಸ್ಪೈನ್ ಎಂಬ ಬಾಗುವಿಕೆಯ ಸಂಖ್ಯೆ 500, ಅದಕ್ಕಿಂತ ಕಡಿಮೆ ಬಾಗುವ ಗಡಸು ಬಾಣಕ್ಕೆ ಅದಕ್ಕಿಂತ ಕಿರಿದಾದ ಸಂಖ್ಯೆ. ಬಿಲ್ಲಿನ ಭಾರವೂ ಬಾಣದ ಉದ್ದವೂ ಹೆಚ್ಚಿದಷ್ಟು ಬಾಣವು ಗಡಸಾಗಿರಬೇಕು. ಬಲವಾದ ಬಿಲ್ಲಿನಲ್ಲಿ ಮೆದುವಾದ ದಂಡವನ್ನು ಹೂಡಿದರೆ ಅದು ವಿಪರೀತವಾಗಿ ಬಳುಕಿ ದಾರಿ ತಪ್ಪುವುದಲ್ಲದೆ ಸಿಡಿದು ಕೈಗೇ ಚುಚ್ಚಬಹುದು. ತೂಕಕ್ಕೂ ನಿಯಮವುಂಟು: ಬಿಲ್ಲಿನ ಒಂದೊಂದು ಪೌಂಡಿಗೆ ಐದು ಗ್ರೇನಿಗಿಂತ ಬಾಣವು ಹಗುರಾಗಿರಬಾರದೆಂಬುದು ಸಾಮಾನ್ಯವಾದ ಎಚ್ಚರಿಕೆ. ಅರವತ್ತು ಪೌಂಡಿನ ಬಿಲ್ಲಿಗೆ ಇದು 300 ಗ್ರೇನು, ಅಂದರೆ ಹತ್ತೊಂಬತ್ತೂವರೆ ಗ್ರಾಮಿನಷ್ಟು ಮಾತ್ರ. ಆದರೂ ಬಾಣವು ಇದಕ್ಕಿಂತ ಹಗುರಾಗಬಾರದು. ಏಕೆಂದರೆ ಬಾಣವು ಸ್ವೀಕರಿಸಲಾರದ ಶಕ್ತಿಯು ಹಿಂದಿರುಗಿ ಬಿಲ್ಲನ್ನೇ ಹೊಡೆಯುತ್ತದೆ. ಸಂಚಯವಾದ ತಪಸ್ಸಿಗೆ ತಕ್ಕ ತೂಕದ ಕಾರ್ಯವು ದೊರೆಯದಿದ್ದರೆ, ಆ ತಪಸ್ಸು ಕೋಪವಾಗಿಯೋ ಗರ್ವವಾಗಿಯೋ ತಪಸ್ವಿಯನ್ನೇ ಸೀಳುವುದನ್ನು ಪುರಾಣಗಳು ಮತ್ತೆ ಮತ್ತೆ ತೋರಿಸಿವೆ. ಬಲವಿಲ್ಲದವನ ಮಹತ್ಕಾರ್ಯವು ಹೇಗೆ ವಿಫಲವೋ, ಬಲವುಳ್ಳವನ ಅಲ್ಪಕಾರ್ಯವು ಹಾಗೆಯೇ ಅಪಾಯಕರ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಅಧಿಕಾರದ ಹೆಸರಿನಲ್ಲಿ ನಮ್ಮ ಸಮಾಜವು ಎಷ್ಟೋ ಜನರನ್ನು ವಿದ್ಯೆಯ ಬಾಗಿಲಿನಿಂದ ಹೊರಗೆ ನಿಲ್ಲಿಸಲಿಲ್ಲವೇ? ನಿಲ್ಲಿಸಿತು, ಏಕಲವ್ಯನ ಕಥೆಯೇ ಅದಕ್ಕೆ ಸಾಕ್ಷಿ. ಅಲ್ಲಿ ದ್ರೋಣನು ಅಳೆದದ್ದು ಹುಡುಗನ ಕುಲವನ್ನೇ ಹೊರತು ತೋಳಿನ ಬಲವನ್ನಲ್ಲ. ಅಂಥ ಅಳತೆಯು ಅಧರ್ಮವೆಂದು ನಿಸ್ಸಂದೇಹವಾಗಿ ಹೇಳಬೇಕು. ನಿಜವಾದ ಅಧಿಕಾರವಿಚಾರವು ಹೊರಗೆ ತಳ್ಳುವುದಕ್ಕಾಗಿ ಹುಟ್ಟಿದ್ದಲ್ಲ. ಬಂದವನಿಗೆ ತಕ್ಕ ಬಿಲ್ಲನ್ನು ಹುಡುಕಿಕೊಡುವುದಕ್ಕಾಗಿ ಹುಟ್ಟಿದ್ದು. ಜಮ್ಮುವಿನ ಕಡೆಯ ಕಿಶ್ತ್ವಾಡ ಜಿಲ್ಲೆಯ ಶೀತಲ್ ದೇವಿಯವರು ಹುಟ್ಟಿನಿಂದಲೇ ತೋಳುಗಳಿಲ್ಲದವರು. ಅವರು ಕಾಲಿನಿಂದ ಬಿಲ್ಲನ್ನು ಹಿಡಿದು ಭುಜದಿಂದ ಹೆದೆಯನ್ನು ಸೆಳೆಯುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರರೊಡನೆ ಕಾಂಪೌಂಡ್ ಮಿಶ್ರ ತಂಡದ ಕಂಚಿನ ಪದಕವನ್ನು ಗೆದ್ದ ಈ ತರುಣಿಯನ್ನು ಲೋಕರೂಢಿಯ ಅಳತೆಗೋಲಿನಿಂದ ಅಳೆದವನು ಬಿಲ್ಲಿಗೆ ಅನಧಿಕಾರಿಯೆಂದೇ ನಿರ್ಣಯಿಸುತ್ತಿದ್ದನು. ಅವರ ದೇಹಕ್ಕೆ ಸಾಧನವನ್ನು ಹೊಂದಿಸಿದ ಗುರುಗಳು ಅಧಿಕಾರವೆಂಬುದರ ಅರ್ಥವನ್ನು ಎಷ್ಟೋ ಪಂಡಿತರಿಗಿಂತ ಚೆನ್ನಾಗಿ ಬಲ್ಲವರು.

ಅಳವನ್ನು ಅರಿತು ನಡೆಯುವುದು ಆಲಸ್ಯಕ್ಕೆ ಅನುಮತಿಯೂ ಅಲ್ಲ. ಕಾಂಪೌಂಡ್ ಬಿಲ್ಲಿನ ಬೋಲ್ಟುಗಳನ್ನು ತಿರುಗಿಸಿ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು. ಮೈ ಬಲಿತಂತೆ ಏರಿಸಲೂಬೇಕು. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅರವತ್ತು ಪೌಂಡಿನ ಮೇಲ್ಮಿತಿಯನ್ನು ವಿಧಿಸಿದ್ದಾರೆಯೇ ಹೊರತು ಅದಕ್ಕಿಂತ ಕಡಿಮೆ ಭಾರವನ್ನು ಸೆಳೆಯುವವರಿಗಾಗಿ ಗುರಿಯನ್ನು ಹತ್ತಿರ ತಂದಿಲ್ಲ. ಐವತ್ತು ಮೀಟರುಗಳಾಚೆ, ಎಂಟು ಸೆಂಟಿಮೀಟರ್ ಅಗಲದ ಹತ್ತರ ವೃತ್ತವು ಗಂಡಿಗೂ ಹೆಣ್ಣಿಗೂ, ಬಲಾಢ್ಯನಿಗೂ ಕೃಶನಿಗೂ ಸಮಾನವಾಗಿದೆ. ಮಾರ್ಗದ ಭಾರವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾದರೂ ಪರಮಾರ್ಥವು ಯಾರಿಗೂ ಕಿರಿದಾಗುವುದಿಲ್ಲ. ಆದ್ದರಿಂದ ತನ್ನ ಅಳವಿಗೆ ತಕ್ಕ ಚಿಕ್ಕ ನಿಯಮವನ್ನು ನಿಷ್ಠೆಯಿಂದ ಹಿಡಿದವನು ನಾಚಬೇಕಾದ ಕಾರಣವಿಲ್ಲ, ದೊಡ್ಡ ನಿಯಮವನ್ನು ಹಿಡಿದವನಿಗೆ ಅವನನ್ನು ಕೀಳಾಗಿ ಕಾಣುವ ಹಕ್ಕೂ ಇಲ್ಲ.