ಕಾಯುತ್ತಿರುವ ದಾನ

*ಇಂದಿನ ಧಮ್ಮ ಚಿಂತನೆ*



ನೇತ್ರದಾನ, ದೇಹದಾನದ ಬಗ್ಗೆ ನಮ್ಮ ಕೂಟದಲ್ಲಿ ಹಲವು ಸಲ ಮಾತಾಡಿದ್ದೇವೆ. ಇಂದು ಅಷ್ಟಾಗಿ ಯಾರೂ ಮಾತಾಡದ ಒಂದು ದಾನವನ್ನು ನೋಡೋಣ. ಅದು ಹೃದಯದ ಕವಾಟ. ಕವಾಟ ಎಂದರೆ ಬಾಗಿಲು. ಹೃದಯದಲ್ಲಿ ಇಂಥ ನಾಲ್ಕು ಬಾಗಿಲುಗಳಿವೆ. ರಕ್ತ ಮುಂದೆ ಹೋಗಲು ತೆರೆದುಕೊಂಡು, ಹಿಂದೆ ಬರದಂತೆ ಮುಚ್ಚಿಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ವಾಲ್ವ್ ಎನ್ನುವುದು ಇದನ್ನೇ.

ಇಡೀ ಹೃದಯವನ್ನು ಕಸಿ ಮಾಡುವುದಾದರೆ ಕೆಲವೇ ಗಂಟೆಗಳ ಸಮಯ. ಪೊಲೀಸರು ರಸ್ತೆ ಬಿಡಿಸಿ ಆಂಬುಲೆನ್ಸ್ ಓಡಿಸುವುದನ್ನು ಟಿವಿಯಲ್ಲಿ ನೋಡಿದ್ದೇವೆ. ಕವಾಟಕ್ಕೆ ಆ ಅವಸರವಿಲ್ಲ. ಹೃದಯ ನಿಂತುಹೋದ ಮೇಲೂ, ಶವವನ್ನು ತಂಪಿನಲ್ಲಿಟ್ಟಿದ್ದರೆ, ಒಂದು ದಿನದೊಳಗೆ ತೆಗೆಯಬಹುದು. 1962ರಲ್ಲಿ ಲಂಡನ್ನಿನಲ್ಲಿ ಡೊನಾಲ್ಡ್ ರಾಸ್, ಅದೇ ವರ್ಷ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಬ್ರಯನ್ ಬ್ಯಾರಟ್-ಬಾಯ್ಸ್, ಸತ್ತವರ ಕವಾಟವನ್ನು ಬದುಕಿರುವವರ ಹೃದಯದಲ್ಲಿ ಅದೇ ಜಾಗಕ್ಕೆ ಕೂರಿಸಿದರು. ಅದನ್ನು ಕೆಡದಂತೆ ವರ್ಷಗಟ್ಟಲೆ ಇಡುವ ಒಳ್ಳೆಯ ದಾರಿ ಆಮೇಲೆ ಸಿಕ್ಕಿತು.

ಸುಮ್ಮನೆ ಫ್ರೀಜರಿನಲ್ಲಿಟ್ಟರೆ ಆಗದು. ಫ್ರೀಜರಿನಿಂದ ತೆಗೆದ ಟೊಮೆಟೊ ಮೆತ್ತಗಾಗುವುದನ್ನು ನೋಡಿದ್ದೀರಿ. ಒಳಗಿನ ನೀರು ಮಂಜಿನ ಹರಳಾಗಿ ಸೀಳಿಬಿಡುತ್ತದೆ. ಅದಕ್ಕೇ ಡಿಎಂಎಸ್‌ಒ ಎಂಬ ದ್ರವವನ್ನು ಶೇ. 10ರಷ್ಟು ಸೇರಿಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ನಿಧಾನವಾಗಿ ತಣಿಸುತ್ತಾರೆ. ಕೊನೆಗೆ ದ್ರವ ನೈಟ್ರೋಜನ್ನಿನ ಆವಿಯಲ್ಲಿ, ಮೈನಸ್ 130 ಡಿಗ್ರಿಗಿಂತಲೂ ಕೆಳಗೆ ಇಡುತ್ತಾರೆ. ನಮ್ಮೂರ ಪಶು ಆಸ್ಪತ್ರೆಯಲ್ಲಿ ಹಸುಗಳಿಗೆ ಇಂಜೆಕ್ಷನ್ ಕೊಡುವ ಕಡ್ಡಿಗಳನ್ನು ಹೊಗೆಯಾಡುವ ಕ್ಯಾನಿನಿಂದ ತೆಗೆಯುತ್ತಾರಲ್ಲ, ಅದೇ ನೈಟ್ರೋಜನ್. ಹೀಗಿಟ್ಟ ಕವಾಟ ಐದು ವರ್ಷವಾದರೂ ಕಾಯಬಲ್ಲದು. ದೆಹಲಿಯ ಏಮ್ಸ್‌ನಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಇಂಥ ಕವಾಟ ಬ್ಯಾಂಕ್ ಕಟ್ಟಿದ್ದಾರೆ.

ಹೆಚ್ಚಾಗಿ ಇದು ಬೇಕಾಗುವುದು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ಸರಿಯಾಗಿ ಬೆಳೆಯದೆ ಹುಟ್ಟಿದ ಮಕ್ಕಳಿಗೆ. ಮುಖ್ಯವಾಗಿ ನೋಡುವುದು ಅಳತೆ, ಅದೂ ಮಿಲಿಮೀಟರಿನಲ್ಲಿ. ರಕ್ತದ ಗುಂಪು ಹೊಂದಬೇಕೆಂಬ ಕಟ್ಟುನಿಟ್ಟೂ ಸಾಮಾನ್ಯವಾಗಿ ಇಲ್ಲ. (ಮುಟ್ಟಿದರೆ ಮೈಲಿಗೆ ಎಂದವರ ಮನೆಯ ಮಗುವಿನ ಎದೆಯೊಳಗೂ ನಮ್ಮವರ ಕವಾಟ ತೆರೆದು ಮುಚ್ಚಬಹುದು. ಆ ಮನೆಯವರಿಗೆ ಅದು ತಿಳಿಯುವುದೂ ಇಲ್ಲ.)

ಕಳೆದ ವಾರ ಇದನ್ನು ಹೇಳುತ್ತಿದ್ದಾಗ, ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ನಮ್ಮ ಕೂಟದ ಒಬ್ಬ ಅಕ್ಕ ಕೇಳಿದರು: "ಹೃದಯ ಕೊಟ್ರೆ ನಮ್ ಹುಡುಗ ಎಲ್ಲೋ ಬದುಕವ್ನೆ ಅನ್ಕೊಬೌದು ಮೇಷ್ಟ್ರೇ. ಫ್ರಿಜ್ಜಲ್ಲಿ ಇಡೋದನ್ನ ಕೊಟ್ಟು ಏನಂತ ಅನ್ಕೊಳ್ಳೋದು?"

ಈ ಪ್ರಶ್ನೆಗೆ ಧಮ್ಮದೊಳಗಿಂದಲೇ ಉತ್ತರ ಹುಡುಕಬೇಕು. "ಎಲ್ಲೋ ಬದುಕಿದ್ದಾನೆ" ಎಂಬ ಸಮಾಧಾನವನ್ನು ಒಬ್ಬ ತಾಯಿಯಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ನಾವು ಬಾಗಿಲಲ್ಲೇ ತಡೆದ ಆತ್ಮ ಹಿತ್ತಲಿನಿಂದ ಒಳಗೆ ಬರುವುದು ಇಂಥ ಮಾತುಗಳಲ್ಲೇ. ಅಚ್ಚು ರಥವೇ, ಗಾಲಿ ರಥವೇ ಎಂದು ನಾಗಸೇನ ಭಂತೇಜಿ ಮಿಲಿಂದ ರಾಜನನ್ನು ಕೇಳಿದ್ದನ್ನು ಓದಿದ್ದೇವೆ. ಒಂದು ರಥದ ಅಚ್ಚನ್ನು ಇನ್ನೊಂದಕ್ಕೆ ಹಾಕಿದರೆ ಮೊದಲ ರಥ ಓಡಿದಂತಾಗದು. ಓಡುವುದು ಎರಡನೆಯದು. ಅದು ನಿಲ್ಲದೆ ಓಡಿತಲ್ಲ, ಆ ಓಟ ಕೊಟ್ಟವರ ಕರ್ಮದ ಫಲ. ಅಲ್ಲಿ ಮಗನನ್ನು ಹುಡುಕಬೇಕಿಲ್ಲ.

ಹೃದಯದ ದಾನದಲ್ಲಿ ಪಡೆಯುವವರು ಅದೇ ರಾತ್ರಿ ಇನ್ನೊಂದು ಆಸ್ಪತ್ರೆಯಲ್ಲಿ ಮಲಗಿರುತ್ತಾರೆ. ಶಿಬಿ ಜಾತಕದಲ್ಲೂ ಕಣ್ಣು ಬೇಡಿದವನು ರಾಜನ ಎದುರಿಗೇ ನಿಂತಿದ್ದ. ಕವಾಟ ಕೊಡುವಾಗ ಎದುರಿಗೆ ಯಾರೂ ಇಲ್ಲ. ಅದನ್ನು ಪಡೆಯುವ ಮಗು ಇನ್ನೂ ಹುಟ್ಟಿಯೇ ಇಲ್ಲದಿರಬಹುದು. ಇಷ್ಟು ಹಂಗಿಲ್ಲದ ದಾನ ನನಗೆ ಬೇರೆ ಕಾಣುತ್ತಿಲ್ಲ. ಪುಟ್ಟ ಅಳತೆಯ ಕವಾಟಗಳಿಗೇ ಕೊರತೆ ಹೆಚ್ಚು, ಏಕೆಂದರೆ ಅವು ಸಿಗುವುದು ತೀರಿಕೊಂಡ ಮಕ್ಕಳಿಂದ. ಅಂಥ ಹೊತ್ತಿನಲ್ಲಿ ತಂದೆತಾಯಿಯ ಬಾಯಿಂದ ಹೂಂ ಎನ್ನಿಸುವುದು ಎಷ್ಟು ಕಷ್ಟ ಎಂದು ನಾನು ಹೇಳಬೇಕಿಲ್ಲ.

ಈ ಕವಾಟವೂ ಶಾಶ್ವತವಲ್ಲ. ಮಗು ಬೆಳೆಯುತ್ತದೆ, ಅದು ಬೆಳೆಯುವುದಿಲ್ಲ. ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಬದಲಿಸಬೇಕಾಗುತ್ತದೆ. ಸಿಗುವುದು ಕೆಲವು ವರ್ಷಗಳು. ಆ ವರ್ಷಗಳಲ್ಲಿ ಮಗು ಶಾಲೆಗೆ ಹೋಗುತ್ತದೆ, ಓಡುತ್ತದೆ. ಬಡವರ ಮಗು ಆಪರೇಷನ್ ಟೇಬಲ್ಲಿನವರೆಗೆ ತಲುಪುತ್ತದೆಯೇ ಎಂಬುದು ಬೇರೆ ಜಗಳ, ಅದನ್ನೂ ಆಡಲೇಬೇಕು.

1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಒಂದು. ಪಿಂಡ ಬಿಟ್ಟೆವು. ಆದರೆ "ಹೆಣ ಪೂರ್ತಿ ಇರಬೇಕು, ಕುಯ್ಯಬಾರದು" ಎಂಬ ಮಾತು ನಮ್ಮ ಕೇರಿಗಳಲ್ಲಿ ಇನ್ನೂ ಕೇಳುತ್ತದೆ. ಯಾರಿಗಾಗಿ ಪೂರ್ತಿ ಇರಬೇಕು?

ಭಾನುವಾರದ ಕೂಟಕ್ಕೆ 'ಜೀವಸಾರ್ಥಕತೆ'ಯ ದಾನದ ಅರ್ಜಿ ತರುತ್ತೇನೆ. ನೀವು ಸಹಿ ಹಾಕಿದ್ದರೂ ಕೊನೆಗೆ ಕೇಳುವುದು ಮನೆಯವರ ಒಪ್ಪಿಗೆಯನ್ನೇ. ಆದ್ದರಿಂದ ಅದಕ್ಕೆ ಮುಂಚೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ, ಮನೆಯಲ್ಲಿ ಈ ವಿಷಯ ಎತ್ತಿ ನೋಡಿ. ಯಾರು ಏನೆಂದರು ಎಂಬುದನ್ನು ಭಾನುವಾರ ಹೇಳಿ.