ಘಾಟಿ ಬಲಿ ಕೇಳುವುದಿಲ್ಲ

ಅರಬೈಲ್ ಘಾಟಿಯಲ್ಲಿ ಯಾರಾದರೂ ಸತ್ತರೆ ನಮ್ಮ ಕಡೆ ಎರಡು ಮಾತು ಕೇಳಿಸುತ್ತವೆ: ಅವನ ಆಯುಷ್ಯ ಅಷ್ಟೇ ಇತ್ತು, ಘಾಟಿ ಬಲಿ ಕೇಳುತ್ತದೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ ಹತ್ತು ಮಂದಿ ತೀರಿಕೊಂಡಾಗಲೂ ಇದನ್ನೇ ಕೇಳಿದೆ. ದುಃಖದಲ್ಲಿ ಸಮಾಧಾನಕ್ಕೆ ಆಡುವ ಮಾತು, ತಪ್ಪಿಲ್ಲ. ಆದರೆ ಕುಡಿದು ಗಾಡಿ ಹೊಡೆದವನು ಜೀವ ತೆಗೆದಾಗ ಇದೇ ಮಾತು ಅವನಿಗೆ ರಕ್ಷೆಯಾಗುತ್ತದೆ. ಪೌರೋಹಿತ್ಯ ಮಾಡುವ ನನಗೆ ಅದು ಸಹಿಸಲಾಗದ ಸಂಗತಿ.

ಒಂದು ಮನೆಯಲ್ಲಿ ವೈಕುಂಠ ಸಮಾರಾಧನೆಯ ಊಟ ಮುಗಿದಿತ್ತು. ಬೈಕಿನಲ್ಲಿ ಬರುತ್ತಿದ್ದ ಮಗನಿಗೆ ಕುಡಿದವನ ಪಿಕಪ್ ಗುದ್ದಿತ್ತು. ಪರಿಹಾರದ ಅರ್ಜಿಗೆಂದು ವಕೀಲರು ಕೊಟ್ಟ ವಕಾಲತ್ತಿನ ಹಾಳೆ ಕವಳದ ಬಟ್ಟಲಿನಡಿ ಮಡಚಿಟ್ಟಲ್ಲೇ ಇತ್ತು, ತಾಯಿ ಸಹಿ ಹಾಕಿರಲಿಲ್ಲ. "ದುಡ್ಡು ತಗಂಡ್ರೆ ಮಾಣಿ ಮಾರ್ಕಂಡ ಹಾಂಗೆ ಅಲ್ದಾ ಭಟ್ರೇ?" ಎಂದರು. ಜಗಲಿಯ ಮೇಲಿದ್ದ ಹಿರಿಯರೊಬ್ಬರು ಹೌದೆಂಬಂತೆ ತಲೆಯಾಡಿಸಿದರು.

ಅಲ್ಲ ಅಮ್ಮಾ ಎಂದೆ. ಮಾಡಿದವನಿಗೇ ಫಲ ತಟ್ಟುತ್ತದೆ ಎನ್ನುವುದು ಕರ್ಮಸಿದ್ಧಾಂತ. ಬಾಟಲಿ ಎತ್ತಿದ್ದು, ಕೀಲಿ ತಿರುಗಿಸಿದ್ದು ಯಾರ ಕರ್ಮ? ಸತ್ತವನ ಹಣೆಬರಹ ಹೇಳಿ ಕೊಂದವನ ಲೆಕ್ಕ ಅಳಿಸುವುದು ಶಾಸ್ತ್ರವನ್ನೇ ತಲೆಕೆಳಗು ಮಾಡಿದಂತೆ. ಮನುಸ್ಮೃತಿಯಲ್ಲಿ ಇಂದು ಒಪ್ಪಲಾಗದ್ದು ಬಹಳವಿದೆ. ಆದರೂ ಅದರ ಎಂಟನೆಯ ಅಧ್ಯಾಯ ಗಾಡಿ ಹೊಡೆಯುವವನ ಹೊಣೆಯನ್ನು ಬಿಡಿಸಿ ಹೇಳುತ್ತದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ ತಪ್ಪಿಲ್ಲ. ಸಾರಥಿಗೆ ಬಾರದೆ ಗಾಡಿ ದಾರಿ ತಪ್ಪಿ ಹಾನಿಯಾದರೆ ಯಜಮಾನನಿಗೆ ದಂಡ. ಬಲ್ಲ ಸಾರಥಿಯಾದರೆ ಅವನಿಗೇ ದಂಡ. ಗಾಯಗೊಂಡವನು ಗುಣವಾಗುವ ತನಕದ ಖರ್ಚನ್ನೂ ಗಾಯ ಮಾಡಿದವನೇ ಕೊಡಬೇಕು. ಅಷ್ಟು ಹಳೆಯ ಗ್ರಂಥವೂ ವಿಧಿಯನ್ನು ಸಾಕ್ಷಿಗೆ ಕರೆಯಲಿಲ್ಲ.

ಇಂದಿನ ಕಾನೂನೂ ಜೀವಕ್ಕೆ ಬೆಲೆ ಕಟ್ಟುವುದಿಲ್ಲ. ಸತ್ತವನಿಂದ ಮನೆಗೆ ಬರಬೇಕಿದ್ದುದನ್ನು ಎಣಿಸುತ್ತದೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಂತೆ, ಮದುವೆಯಾಗದ ಹುಡುಗನಾದರೆ ಸಾಮಾನ್ಯವಾಗಿ ಆದಾಯದ ಅರ್ಧವನ್ನು ಅವನ ಸ್ವಂತ ಖರ್ಚೆಂದು ಕಳೆಯುತ್ತಾರೆ. ವಯಸ್ಸು 26ರಿಂದ 30ರೊಳಗಿದ್ದರೆ ಉಳಿದದ್ದನ್ನು 17ರಿಂದ ಗುಣಿಸುತ್ತಾರೆ. ಮುದಿ ತಾಯಿಯ ಔಷಧಿ, ತೋಟದ ಕೊನೆಕೊಯ್ಲಿನ ಆಳಿನ ಕೂಲಿ ಎಲ್ಲ ಅದರಲ್ಲೇ ನಡೆಯಬೇಕು. ಪಿಂಡ ಇಟ್ಟರೆ ಪ್ರೇತಕ್ಕೆ ತೃಪ್ತಿ; ಬದುಕಿ ಉಳಿದವರ ಅನ್ನಕ್ಕೆ ಹೊಣೆ ಯಾರು? ಆ ಋಣ ಕೊಂದವನ ಮೇಲಿದೆ. ಋಣ ವಸೂಲಿಯಲ್ಲಿ ಪಾಪವಿಲ್ಲ.

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯವಿದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಅಪರಾಧ. ಹೊತ್ತು ಹೋದಂತೆ ಅದು ರಕ್ತದಿಂದ ಇಳಿಯುತ್ತದೆ. ಹಾಗಾಗಿ ಚಾಲಕನ ಪರೀಕ್ಷೆಯಾಯಿತೇ ಎಂದು ಠಾಣೆಯಲ್ಲಿ ಅಂದೇ ಕೇಳಬೇಕು. ಕುಡಿದದ್ದು ರುಜುವಾಗದಿದ್ದರೂ ಅಜಾಗರೂಕತೆ ತೋರಿಸಿದರೆ ಪರಿಹಾರ ಸಿಗುತ್ತದೆ. ಚಾಲಕ ಕುಡಿದಿದ್ದನೆಂದು ವಿಮಾ ಕಂಪನಿ ಕೈಚೆಲ್ಲಿದಾಗ, ಮೊದಲು ನೀವು ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ಎಷ್ಟೋ ಸಲ ಆದೇಶಿಸಿವೆ.

ಸೂತಕದ ಮನೆಗೆ ಹೋಗುವ ಭಟ್ಟರಲ್ಲಿ, ನೆಂಟರಲ್ಲಿ ನನ್ನದೊಂದು ಬೇಡಿಕೆ. ಹಣೆಬರಹದ ಮಾತು ಸಾಕು. ಎಫ್‌ಐಆರ್ ಪ್ರತಿ ತೆಗೆಸಿಕೊಡಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಿಸಿ. ಮನೆಯವರು ತಾವು ವಾಸವಿರುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತವಾಗಿ ಸಿಗುತ್ತಾರೆ, ಆದಾಯದ ಮಿತಿಯಿಲ್ಲ.